ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು



ನನಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಬೇಸಿಗೆ ರಜೆಗೆ ಮೈಸೂರಿನ ಸೋದರಮಾವನ ಮನೆಗೆ ಹೋಗಿದ್ದೆ. ಮಾವನಿಗೆ ಪರಿಚಯದವರೊಬ್ಬರು ಚಾಮುಂಡಿ ಬೆಟ್ಟದ ಕಡೆಯ ರೇಸ್ ಮೈದಾನದ ಕುದುರೆಗಳಿಗೆ ಜೀನು ಹೊಲಿದು ಕೊಡುತ್ತಿದ್ದರು. ಒಂದು ಸಂಜೆ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕಾಲು ಚಾಚಿ ಕೂತು ದಪ್ಪ ಬಟ್ಟೆಯೊಂದಕ್ಕೆ ಹೊಲಿಗೆ ಹಾಕುತ್ತಿದ್ದರು. ಬಟ್ಟೆಯ ಎರಡು ಬದಿಗೂ ಸಾಲಾಗಿ ಚಿಕ್ಕ ಚಿಕ್ಕ ಜೇಬು. ಪಕ್ಕದಲ್ಲಿ ಅಂಗೈಯಗಲದ ಸೀಸದ ತಗಡುಗಳು ಬಿದ್ದಿದ್ದವು. ಒಂದನ್ನು ಎತ್ತಿ ನನ್ನ ಕೈಗಿಟ್ಟರು. ನೋಡಲು ಬಿಸ್ಕತ್ತಿನಷ್ಟು ತೆಳ್ಳಗಿದ್ದ ಅದು ನನ್ನ ಕೈಯನ್ನು ಕೆಳಕ್ಕೆ ಜಗ್ಗಿತು. ತಣ್ಣಗಿತ್ತು. ಬೆರಳಿಗೆ ಕಪ್ಪು ಹತ್ತಿತು. ಆ ತಗಡುಗಳನ್ನು ಜೇಬಿನಲ್ಲಿ ತುಂಬಿ, ಬಟ್ಟೆಯನ್ನು ಜೀನಿನ ಕೆಳಗೆ ಹಾಸಿ ಕುದುರೆಯನ್ನು ಓಡಿಸುತ್ತಾರೆ ಎಂದರು. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತಗಡು, ಓಡಲಾರದ್ದಕ್ಕೆ ಕಡಿಮೆ.

ನನಗೆ ಅದು ಅನ್ಯಾಯವಾಗಿ ಕಂಡಿತು. ದಾರಿಯಲ್ಲಿ ಮಾವನನ್ನು ಕೇಳಿದೆ: "ಗೆಲ್ಲೋ ಕುದುರೆಗೇ ಯಾಕೆ ಮಾವ ಭಾರ ಹೊರಿಸ್ತಾರೆ?"

"ಗೆಲ್ಲುತ್ತೆ ಅಂತಾನೇ ಕಣೋ," ಅಂದರು ಮಾವ. ಸ್ವಲ್ಪ ದೂರ ನಡೆದ ಮೇಲೆ, "ಅದರ ಮೇಲೆ ಎಷ್ಟು ನಂಬಿಕೆಯೋ ಅಷ್ಟು ಭಾರ" ಎಂದು ಸೇರಿಸಿದರು.

ಆ ಭಾರವನ್ನು ಅಳೆದು ಹೇಳುವ ಮನುಷ್ಯನೊಬ್ಬ ಇರುತ್ತಾನೆ, ಅವನನ್ನು ಹ್ಯಾಂಡಿಕ್ಯಾಪರ್ ಎನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆ ಕೆಲಸಕ್ಕೆ ಒಂದು ಶಾಸ್ತ್ರದ ಗೌರವ ತಂದುಕೊಟ್ಟವರು ಇಂಗ್ಲೆಂಡಿನ ಅಡ್ಮಿರಲ್ ಹೆನ್ರಿ ಜಾನ್ ರೌಸ್. 1795ರಲ್ಲಿ ಹುಟ್ಟಿ 1877ರ ಜೂನ್ 19ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಅವರನ್ನು ನೆನೆಯೋಣ ಎಂದು ನಿಮ್ಮ ಮುಂದೆ ಬಂದಿದ್ದೇನೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟುವ ಮಾತು ನನ್ನದಲ್ಲ. ಬಲವಿದ್ದವರಿಗೂ ಇಲ್ಲದವರಿಗೂ ಒಂದೇ ಅಂಗಳದಲ್ಲಿ ಆಟ ಏರ್ಪಡಿಸುವುದು ಹೇಗೆ ಎಂದು ಜೀವಮಾನವಿಡೀ ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯನ ಮಾತು.

ಮೊದಲು ಆ ಪದದ ಕಥೆ ಹೇಳಬೇಕು. ಹ್ಯಾಂಡಿಕ್ಯಾಪ್ ಎಂದರೆ 'ಟೊಪ್ಪಿಗೆಯೊಳಗೆ ಕೈ'. ಅದು ಇಂಗ್ಲೆಂಡಿನ ಪಾನಗೃಹಗಳಲ್ಲಿ ನಡೆಯುತ್ತಿದ್ದ ಒಂದು ಹಳೆಯ ಅದಲು ಬದಲಿನ ಆಟ. 1660ರಲ್ಲೇ ಸ್ಯಾಮ್ಯುಯೆಲ್ ಪೀಪ್ಸ್ ತಮ್ಮ ದಿನಚರಿಯಲ್ಲಿ ಅದನ್ನು ಆಡಿದ್ದನ್ನು ಬರೆದಿಟ್ಟಿದ್ದಾರೆ. ನನ್ನ ಬಳಿ ಒಂದು ಗಡಿಯಾರ, ನಿಮ್ಮ ಬಳಿ ಒಂದು ಕೋಟು. ಬದಲಾಯಿಸಿಕೊಳ್ಳುವ ಮನಸ್ಸು. ಎರಡರಲ್ಲಿ ಯಾವುದು ಹೆಚ್ಚು, ಕಡಿಮೆಯದರ ಜೊತೆಗೆ ಎಷ್ಟು ಹಣ ಸೇರಿಸಿದರೆ ಸರಿಹೋಗುತ್ತದೆ ಎಂದು ಹೇಳಲು ಮೂರನೆಯವನೊಬ್ಬ ಪಂಚ. ಮೂವರೂ ಒಂದಿಷ್ಟು ಪಣದ ಹಣ ಇಡಬೇಕು. ಪಂಚ ತನ್ನ ತೀರ್ಮಾನ ಹೇಳುತ್ತಾನೆ. ನಾವಿಬ್ಬರೂ ಟೊಪ್ಪಿಗೆಯೊಳಗೆ ಕೈ ಇಟ್ಟು ಒಟ್ಟಿಗೆ ಹೊರತೆಗೆಯಬೇಕು. ಯಾರಿಗೆ ಒಪ್ಪಿಗೆ, ಯಾರಿಗೆ ಇಲ್ಲ ಎಂಬುದು ಕೈಯಿಂದಲೇ ತಿಳಿಯಬೇಕು.

ಇಬ್ಬರೂ ಒಪ್ಪಿದರೆ ಬದಲಾವಣೆ ನಡೆಯುತ್ತದೆ, ಪಣದ ಹಣ ಪಂಚನಿಗೆ. ಇಬ್ಬರೂ ಒಪ್ಪದಿದ್ದರೂ ಹಣ ಪಂಚನಿಗೇ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಮಾತ್ರ ಒಪ್ಪಿದವನು ಹಣ ಎತ್ತಿಕೊಳ್ಳುತ್ತಾನೆ, ಪಂಚನಿಗೆ ಏನೂ ಇಲ್ಲ. ಇದನ್ನು ಕಟ್ಟಿದವರ ಬುದ್ಧಿ ನೋಡಿ! ಒಬ್ಬನ ಕಡೆಗೆ ವಾಲಿ ಬೆಲೆ ಕಟ್ಟಿದರೆ ಅವನು ಒಪ್ಪುತ್ತಾನೆ, ಇನ್ನೊಬ್ಬ ಒಪ್ಪುವುದಿಲ್ಲ, ಪಂಚ ಬರಿಗೈಯಲ್ಲಿ ಏಳುತ್ತಾನೆ. ಇಬ್ಬರ ಮನಸ್ಸೂ ಒಂದೇ ಕಡೆ ಸೇರುವ ಹಾಗೆ ತೂಗಿದಾಗ ಮಾತ್ರ ಅವನಿಗೆ ಲಾಭ. ಹದಿನೆಂಟನೆಯ ಶತಮಾನದಲ್ಲಿ ಈ ಪದ ಕುದುರೆ ರೇಸಿಗೆ ಬಂತು. ಗಡಿಯಾರ, ಕೋಟುಗಳ ಜಾಗದಲ್ಲಿ ಎರಡು ಕುದುರೆಗಳು, ಸೇರಿಸುವ ಹಣದ ಜಾಗದಲ್ಲಿ ಭಾರ. ಆ ಪಂಚನ ಪೀಠದಲ್ಲಿ ಕೂತು ಹೆಸರು ಗಳಿಸಿದವರೇ ರೌಸ್.

ರೌಸ್ ಹುಟ್ಟಿದ್ದು ಸಿರಿವಂತ ಮನೆತನದಲ್ಲಿ. ತಂದೆ ಸ್ಟ್ರಾಡ್‌ಬ್ರೋಕ್‌ನ ಮೊದಲ ಅರ್ಲ್. ಆದರೆ ಕಿರಿಯ ಮಗನಿಗೆ ಆಸ್ತಿಯ ಆಸರೆ ಕಡಿಮೆ. 1808ರಲ್ಲಿ, ಇನ್ನೂ ಹದಿಮೂರು ವರ್ಷದ ಹುಡುಗನಾಗಿದ್ದಾಗಲೇ ನೌಕಾಪಡೆಗೆ ಸೇರಿಸಿದರು. ನೆಪೋಲಿಯನ್ನನ ಯುದ್ಧಗಳ ಕಾಲ ಅದು. ಮುಂದೆ ರೇನ್‌ಬೋ ಎಂಬ ಹಡಗಿನ ಕಪ್ತಾನನಾಗಿ ಪೂರ್ವದ ಸಮುದ್ರಗಳಿಗೆ ಬಂದರು. ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ರಿಚ್‌ಮಂಡ್ ನದಿಯ ಮುಖವನ್ನು 1828ರಲ್ಲಿ ಗುರುತಿಸಿ ಹೆಸರಿಟ್ಟವರು ಇವರೇ. ಸಿಡ್ನಿಯಲ್ಲಿ ಆಗ ತಾನೇ ಬೇರೂರುತ್ತಿದ್ದ ಕುದುರೆ ರೇಸಿಗೂ ಇವರ ಉತ್ಸಾಹದ ನೆರವು ಸಿಕ್ಕಿತು.

ಇವರ ಸ್ವಭಾವ ತಿಳಿಯಬೇಕಾದರೆ 1835ರ ಒಂದು ಪ್ರಯಾಣ ಸಾಕು. ಆಗ ಅವರು ಪೀಕ್ ಎಂಬ ಯುದ್ಧನೌಕೆಯ ಕಪ್ತಾನ. ಕೆನಡಾದಿಂದ ಇಂಗ್ಲೆಂಡಿಗೆ ಮರಳುವಾಗ ಲ್ಯಾಬ್ರಡಾರ್ ತೀರದ ಬಂಡೆಗಳ ಮೇಲೆ ಹಡಗು ಹತ್ತಿಬಿಟ್ಟಿತು. ಹನ್ನೊಂದು ಗಂಟೆ ಅಲ್ಲೇ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಬರುವ ಹೊತ್ತಿಗೆ ಹಡಗಿನ ಅಡಿಮರ ಹೋಗಿತ್ತು, ಮುಂದಿನ ಕೂವೆಮರಕ್ಕೆ ಪೆಟ್ಟಾಗಿತ್ತು, ಗಂಟೆಗೆ 23 ಅಂಗುಲದಷ್ಟು ನೀರು ಒಳಗೆ ನುಗ್ಗುತ್ತಿತ್ತು. ಹಿಂದಿರುಗುವ ದಾರಿಯಲ್ಲಿ 1500 ಮೈಲಿಗಳನ್ನು ಚುಕ್ಕಾಣಿಯೇ ಇಲ್ಲದೆ ಸಾಗಿ ಅಕ್ಟೋಬರ್‌ನಲ್ಲಿ ಹಡಗನ್ನು ತವರಿನ ಬಂದರಿಗೆ ತಂದು ನಿಲ್ಲಿಸಿದರು. ಅಟ್ಲಾಂಟಿಕ್‌ನ ನಡುವೆ, ಚುಕ್ಕಾಣಿ ಇಲ್ಲದ ಹಡಗಿನಲ್ಲಿ ದಿಕ್ಕು ತಪ್ಪದಂತೆ ನೋಡಿಕೊಳ್ಳಲು ಹಾಯಿಗಳ ಎಳೆತವನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಎಂದು ಹಗಲಿರುಳು ತೂಗುತ್ತಿರಬೇಕು. ಮುಂದೆ ಅವರು ಕುದುರೆಗಳ ಬೆನ್ನ ಮೇಲೆ ಮಾಡಿದ ತೂಗುವ ಕೆಲಸಕ್ಕೆ ಇದಕ್ಕಿಂತ ಕಠಿಣವಾದ ಪಾಠಶಾಲೆ ಇನ್ನೆಲ್ಲಿ ಸಿಕ್ಕೀತು!

ದಡ ಸೇರಿದ ಮೇಲೆ ರೌಸ್ ಮತ್ತೆ ಸಮುದ್ರದ ಕಡೆ ಹೆಚ್ಚು ಮುಖ ಮಾಡಲಿಲ್ಲ. 1838ರಲ್ಲಿ ಆಗ ಇಂಗ್ಲೆಂಡಿನ ರೇಸಿನ ಆಡಳಿತ ಸಂಸ್ಥೆಯಾಗಿದ್ದ ಜಾಕಿ ಕ್ಲಬ್‌ನ ಸ್ಟೂವರ್ಡ್ ಆದರು. 1841ರಿಂದ ಐದು ವರ್ಷ ವೆಸ್ಟ್‌ಮಿನ್‌ಸ್ಟರ್‌ನಿಂದ ಪಾರ್ಲಿಮೆಂಟ್ ಸದಸ್ಯರಾಗಿದ್ದರು. ಆದರೂ ಅವರ ಮನಸ್ಸು ನೆಟ್ಟಿದ್ದು ನ್ಯೂಮಾರ್ಕೆಟ್ ಊರಿನ ಹುಲ್ಲುಬಯಲಿನಲ್ಲಿ.

ಆ ಕಾಲದ ರೇಸು ಎಂಥ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ದನದ ಜಾತ್ರೆಗಳಲ್ಲಿ ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನಲ್ಲ, ಎರಡು ಹಲ್ಲೋ, ನಾಲ್ಕು ಹಲ್ಲೋ, ಹಲ್ಲು ಕೂಡಿದೆಯೋ ಎಂದು. ಕುದುರೆಯ ವಯಸ್ಸನ್ನೂ ಹೀಗೆಯೇ ಹಲ್ಲಿನಿಂದ ಹೇಳುತ್ತಾರೆ. ಇಂಗ್ಲೆಂಡಿನ ಡರ್ಬಿ ಓಟ ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲು. 1844ರ ಡರ್ಬಿಯಲ್ಲಿ ರನ್ನಿಂಗ್ ರೇನ್ ಎಂಬ ಹೆಸರಿನ ಕುದುರೆ ಮೊದಲು ಬಂತು. ಅದು ರನ್ನಿಂಗ್ ರೇನ್ ಅಲ್ಲ, ನಾಲ್ಕು ವರ್ಷದ ಮಕಾಬಿಯಸ್ ಎಂಬ ಬೇರೆ ಕುದುರೆ ಎಂದು ಗುಲ್ಲೆದ್ದಿತು. ಮೊಕದ್ದಮೆ ನ್ಯಾಯಾಲಯಕ್ಕೆ ಹೋಯಿತು. ಕುದುರೆಯನ್ನೇ ತಂದು ತೋರಿಸಿ ಎಂದು ನ್ಯಾಯಾಧೀಶರು ಕೇಳಿದರು. ತರಲಿಲ್ಲ. ಹಲ್ಲು ನೋಡಿದರೆ ಗುಟ್ಟು ರಟ್ಟಾಗುತ್ತಿತ್ತು. ಕೊನೆಗೆ ಎರಡನೆಯದಾಗಿ ಬಂದಿದ್ದ ಆರ್ಲಾಂಡೋ ಗೆದ್ದಿತೆಂದು ತೀರ್ಮಾನವಾಯಿತು.

ಒಂದು ವರ್ಷದ ಸುಳ್ಳಿಗಾಗಿ ಇಷ್ಟೆಲ್ಲ ಮಾಡುತ್ತಾರೆಂದರೆ ಆ ಒಂದು ವರ್ಷದ ಬೆಲೆ ಎಷ್ಟಿರಬೇಕು? ರೌಸ್ ಕೈಹಾಕಿದ್ದು ಈ ಪ್ರಶ್ನೆಗೇ. ಮೂರು ವರ್ಷದ ಕುದುರೆಯೆಂದರೆ ಮೀಸೆ ಚಿಗುರುವ ಹುಡುಗನಿದ್ದ ಹಾಗೆ. ನಾಲ್ಕು ಐದರದ್ದು ಮೈ ತುಂಬಿದ ಜಟ್ಟಿ. ಇಬ್ಬರನ್ನೂ ಒಟ್ಟಿಗೆ ಓಡಿಸಬೇಕಾದರೆ ಹಿರಿಯನ ಬೆನ್ನಿಗೆ ಎಷ್ಟು ಹೆಚ್ಚು ಭಾರ ಹಾಕಬೇಕು? ವರ್ಷದ ಆರಂಭದಲ್ಲಿ ಅಂತರ ದೊಡ್ಡದು. ತಿಂಗಳು ಕಳೆದಂತೆ ಹುಡುಗ ಬಲಿಯುತ್ತಾನೆ, ಅಂತರ ಕಡಿಮೆಯಾಗುತ್ತದೆ. ಓಟ ಚಿಕ್ಕದಾದರೆ ಅಂತರ ಸಣ್ಣದು, ದೂರ ಹೆಚ್ಚಾದಷ್ಟೂ ಎಳೆಯ ಕುದುರೆ ಬೇಗ ದಣಿಯುತ್ತದೆ, ಅಂತರ ದೊಡ್ಡದು. ಹೀಗೆ ತಿಂಗಳು, ದೂರ, ವಯಸ್ಸು ಮೂರನ್ನೂ ಒಂದು ಕೋಷ್ಟಕದೊಳಗೆ ಹಿಡಿದಿಟ್ಟದ್ದು ರೌಸ್ ಅವರ ಬಹು ದೊಡ್ಡ ಕೊಡುಗೆ. 1850ರಲ್ಲಿ ಅವರು ರೇಸಿನ ಕಾನೂನು ಮತ್ತು ಆಚರಣೆಯ ಬಗ್ಗೆ ಪುಸ್ತಕ ಬರೆದು ಆ ಕ್ಷೇತ್ರದ ಪ್ರಮಾಣಪುರುಷರೆನಿಸಿಕೊಂಡಿದ್ದರು. ವಯಸ್ಸಿಗೆ ತಕ್ಕ ಭಾರದ ಅವರ ಕೋಷ್ಟಕವನ್ನು ನಂತರದವರು ಅಲ್ಲಲ್ಲಿ ತಿದ್ದಿದ್ದಾರೆ. ಆದರೆ ಅದರ ತಳಹದಿ ಕದಲಿಲ್ಲ. ಇಂದು ಪ್ಯಾರಿಸ್ಸಿನಲ್ಲಿ ಪ್ರತಿ ಅಕ್ಟೋಬರ್ ತಿಂಗಳಲ್ಲಿ ನಡೆಯುವ ಆರ್ಕ್ ಡಿ ಟ್ರಯಂಫ್ ಓಟದಲ್ಲಿ ಮೂರು ವರ್ಷದ ಗಂಡು ಕುದುರೆ 56.5 ಕಿಲೋ ಹೊತ್ತರೆ ಅದಕ್ಕಿಂತ ಹಿರಿಯ ಗಂಡು ಕುದುರೆ 59.5 ಕಿಲೋ ಹೊರುತ್ತದೆ. ಆ ಮೂರು ಕಿಲೋ ಅಂತರದ ಹಿಂದೆ ರೌಸ್ ಅವರ ಲೆಕ್ಕದ ನೆರಳಿದೆ.

ಆ ಲೆಕ್ಕವನ್ನು ಲಕ್ಷಾಂತರ ಕಣ್ಣುಗಳ ಮುಂದೆ ಒರೆಗೆ ಹಚ್ಚಿದ ದಿನವೊಂದಿದೆ. 1851ರ ಮೇ 13, ಇಂಗ್ಲೆಂಡಿನ ಯಾರ್ಕ್ ಊರಿನ ಮೈದಾನ. ಎರಡೇ ಕುದುರೆಗಳ ನಡುವಿನ ಪಂದ್ಯ. ಒಂದು ಫ್ಲೈಯಿಂಗ್ ಡಚ್‌ಮನ್, 1849ರ ಡರ್ಬಿ ಮತ್ತು ಸೇಂಟ್ ಲೆಜರ್ ಗೆದ್ದದ್ದು. ಇನ್ನೊಂದು ವೋಲ್ಟಿಜರ್, ಮರು ವರ್ಷ ಅವೇ ಎರಡು ಓಟಗಳನ್ನು ಗೆದ್ದದ್ದು, ಯಾರ್ಕ್‌ಷೈರಿನ ಜನರ ಕಣ್ಮಣಿ. ಹಿಂದಿನ ಸೆಪ್ಟೆಂಬರ್‌ನಲ್ಲಿ ಡಾಂಕಸ್ಟರ್ ಕಪ್‌ನಲ್ಲಿ ಎರಡೂ ಎದುರಾದಾಗ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಡಚ್‌ಮನ್‌ನನ್ನು ವೋಲ್ಟಿಜರ್ ಅರ್ಧ ದೇಹದುದ್ದದಿಂದ ಸೋಲಿಸಿತ್ತು. ಆದರೆ ಅಂದು ಮೂರು ವರ್ಷದ ವೋಲ್ಟಿಜರ್ ನಾಲ್ಕು ವರ್ಷದ ಡಚ್‌ಮನ್‌ಗಿಂತ 19 ಪೌಂಡ್, ಅಂದರೆ ಎಂಟೂವರೆ ಕಿಲೋಗೂ ಮಿಕ್ಕಿ ಕಡಿಮೆ ಭಾರ ಹೊತ್ತಿತ್ತು. ಹಾಗಾದರೆ ನಿಜವಾಗಿ ಯಾವುದು ಮೇಲು? ಊರೂರಿನ ಚಾವಡಿಗಳಲ್ಲಿ ಇದೇ ವಾದ. ಕೊನೆಗೆ ಎರಡೂ ಕಡೆಯ ಒಡೆಯರು ತಲಾ ಸಾವಿರ ಗಿನಿ ಪಣವಿಟ್ಟು, ಎರಡು ಮೈಲಿ ಓಟಕ್ಕೆ ಒಪ್ಪಿಕೊಂಡರು. ಭಾರ ನಿಗದಿ ಮಾಡಲು ಇಬ್ಬರಿಗೂ ಒಪ್ಪಿಗೆಯಾದ ಪಂಚರು ರೌಸ್.

ಈಗ ವೋಲ್ಟಿಜರ್‌ಗೆ ನಾಲ್ಕು, ಡಚ್‌ಮನ್‌ಗೆ ಐದು ವರ್ಷ. ರೌಸ್ ಹೇಳಿದ ಅಂತರ ಎಂಟೂವರೆ ಪೌಂಡ್. ಹಿರಿಯನಿಗೆ 8 ಸ್ಟೋನ್ ಎಂಟೂವರೆ ಪೌಂಡ್, ಕಿರಿಯನಿಗೆ 8 ಸ್ಟೋನ್. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ 54.7 ಕಿಲೋ ಮತ್ತು 50.8 ಕಿಲೋ. ಡಾಂಕಸ್ಟರ್‌ನ 19 ಎಲ್ಲಿ, ಈ ಎಂಟೂವರೆ ಎಲ್ಲಿ! ಎಂಟು ತಿಂಗಳಲ್ಲಿ ಎಳೆಯ ಕುದುರೆ ಎಷ್ಟು ಬಲಿತಿದೆ ಎಂಬ ಅಂದಾಜು ಆ ಸಂಖ್ಯೆಯಲ್ಲಿ ಅಡಗಿದೆ. ಅದರ ಬಾಲಕ್ಕಿರುವ ಅರ್ಧ ಪೌಂಡನ್ನೂ ಗಮನಿಸಿ. ಅರ್ಧ ಪೌಂಡ್ ಎಂದರೆ ಕಾಲು ಕಿಲೋಗಿಂತ ಕಡಿಮೆ, ಒಂದು ಲೋಟ ನೀರಿನ ತೂಕ. ಅರ್ಧ ಟನ್ ತೂಗುವ ಪ್ರಾಣಿಗೆ ಅದು ಲೆಕ್ಕವೇ ಎಂದು ನಮಗನ್ನಿಸಬಹುದು. ಬೆಲೆ ಕಟ್ಟುವವನಿಗೆ ಅದೂ ಲೆಕ್ಕವೇ. ತನಗೆ ಸರಿ ಎಂದು ಕಂಡದ್ದು ಎಂಟೂವರೆಯಾದರೆ ಅವನು ಎಂಟು ಎನ್ನುವುದಿಲ್ಲ, ಒಂಬತ್ತೂ ಎನ್ನುವುದಿಲ್ಲ.

ಮೈದಾನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂದು ಹೇಳುತ್ತಾರೆ. ವೋಲ್ಟಿಜರ್ ಮುಂದೆ ನುಗ್ಗಿತು. ಡಚ್‌ಮನ್ ಸವಾರ ಅವಸರ ಪಡಲಿಲ್ಲ, ಹಿಂದೆಯೇ ಉಳಿದ. ಕೊನೆಯ ಹಂತದಲ್ಲಿ ಎರಡೂ ಸಮಸಮವಾದವು. ಕೊನೆಗೆ ಡಚ್‌ಮನ್ ಸುಮಾರು ಒಂದು ದೇಹದುದ್ದದಿಂದ ಗೆದ್ದಿತು. ಎರಡು ಮೈಲಿ ಓಡಿದ ಎರಡು ಮಹಾ ಕುದುರೆಗಳ ನಡುವೆ ಉಳಿದದ್ದು ಒಂದು ಕುದುರೆಯುದ್ದದ ಅಂತರ! ಗೆದ್ದ ಕುದುರೆಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ನನ್ನ ಕಣ್ಣಿಗೆ ಆ ದಿನ ಇನ್ನೊಬ್ಬರೂ ಗೆದ್ದಿದ್ದರು. ಕೊನೆಯ ಗಳಿಗೆಯವರೆಗೂ ಯಾವುದು ಗೆಲ್ಲುತ್ತದೆಂದು ಯಾರಿಗೂ ಹೇಳಲಾಗದಂಥ ಓಟವನ್ನು ಕಟ್ಟಿದವರು ಅವರು.

1855ರ ಸುಮಾರಿಗೆ ರೌಸ್ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆಗಿ ನೇಮಕವಾದರು. ಅಲ್ಲಿಂದ ಸಾಯುವವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಅವರ ಕಾಯಕ. ನಾವಿಕರ ದಪ್ಪ ಕೋಟು, ಮೊಣಕಾಲಿನವರೆಗಿನ ಬೂಟು, ಹಳೆಯ ಟೊಪ್ಪಿ. ಕುದುರೆಯೇರಿ ನ್ಯೂಮಾರ್ಕೆಟ್ ಬಯಲಲ್ಲಿ ಓಡಾಡುವ ಆ ಮುದಿ ಅಡ್ಮಿರಲ್ ಅಲ್ಲಿನವರಿಗೆಲ್ಲ ಚಿರಪರಿಚಿತ ಆಕೃತಿ. ಮೊದಲು ಬಂದ ಕುದುರೆಯನ್ನು ಎಲ್ಲರೂ ನೋಡುತ್ತಾರೆ. ಈ ಕೆಲಸದವನು ನೋಡಬೇಕಾದದ್ದು ಉಳಿದವನ್ನು. ಯಾವುದಕ್ಕೆ ದಾರಿ ಸಿಗಲಿಲ್ಲ, ಯಾವುದರ ಲಗಾಮನ್ನು ಸವಾರ ಬಿಗಿ ಹಿಡಿದಿದ್ದ, ಯಾವುದು ಕೆಸರಿನಲ್ಲಿ ಹಿಂಜರಿಯಿತು, ಐದನೆಯದಾಗಿ ಬಂದದ್ದು ಇನ್ನು ಸ್ವಲ್ಪ ದೂರವಿದ್ದಿದ್ದರೆ ಎರಡನೆಯದಾಗುತ್ತಿತ್ತೇ, ಇಂಥವನ್ನೆಲ್ಲ ಕಣ್ಣಲ್ಲಿ ಹಿಡಿಯಬೇಕು, ಪುಸ್ತಕದಲ್ಲಿ ಬರೆದಿಡಬೇಕು, ಮುಂದಿನ ಓಟಕ್ಕೆ ಅದನ್ನು ತೂಕಕ್ಕಿಳಿಸಬೇಕು.

ತೂಕಕ್ಕಿಳಿಸುವುದು ಹೇಗೆ? ಈಗಲೂ ಬಳಕೆಯಲ್ಲಿರುವ ಒಂದು ಅಂದಾಜಿದೆ. ಐದು ಫರ್ಲಾಂಗಿನ ಚಿಕ್ಕ ಓಟದಲ್ಲಿ ಒಂದು ಕುದುರೆಯುದ್ದದ ಅಂತರಕ್ಕೆ ಸುಮಾರು 3 ಪೌಂಡ್. ಒಂದು ಮೈಲಿ ಓಟದಲ್ಲಿ ಅದೇ ಅಂತರಕ್ಕೆ ಸುಮಾರು 2 ಪೌಂಡ್. ಎರಡು ಮೈಲಿಯಲ್ಲಿ ಸುಮಾರು 1 ಪೌಂಡ್ ಸಾಕು. ಹೊತ್ತು ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾವಿಯಿಂದ ಮನೆಯ ಹೊಸ್ತಿಲವರೆಗೆ ಹಗುರವಾಗಿದ್ದ ಕೊಡ ಬೆಟ್ಟದ ಮೇಲಿನ ಮನೆಗೆ ಹೊರುವಾಗ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ದೂರ ಹೆಚ್ಚಿದಂತೆ ಚಿಕ್ಕ ಭಾರವೂ ದೊಡ್ಡ ಅಂತರ ತರುತ್ತದೆ.

ಈ ಏರ್ಪಾಟಿನ ಒಳಗೇ ಒಂದು ಹುಳುಕಿದೆ ಎಂಬುದು ರೌಸ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೆದ್ದರೆ ಭಾರ ಏರುತ್ತದೆ, ಸೋತರೆ ಇಳಿಯುತ್ತದೆ. ಹಾಗಿದ್ದಲ್ಲಿ ಒಳ್ಳೆಯ ಕುದುರೆಯನ್ನು ಬೇಕೆಂದೇ ನಾಲ್ಕಾರು ಸಲ ಹಿಂದೆ ಎಳೆದು, ಭಾರ ಇಳಿಸಿಕೊಂಡು, ದೊಡ್ಡ ಬಹುಮಾನದ ದಿನ ಸಡಿಲ ಬಿಟ್ಟರೆ? ಈ ಮೋಸ ಅಂದೂ ಇತ್ತು, ಇಂದೂ ಇದೆ. ಹಾಗಾಗಿ ಭಾರ ಹಾಕುವವನಿಗೆ ಗಣಿತ ಗೊತ್ತಿದ್ದರೆ ಸಾಲದು, ಸವಾರನ ಮೊಣಕೈಯ ಕಪಟವೂ ಕಾಣಬೇಕು. ಇದನ್ನು ಹಿಡಿಯುವುದರಲ್ಲಿ ರೌಸ್ ಯಾರ ಮುಲಾಜೂ ನೋಡುತ್ತಿರಲಿಲ್ಲ. ಕುಲೀನರೆಂದು ಅವರ ಕುದುರೆಗೆ ಒಂದು ಪೌಂಡನ್ನೂ ಇಳಿಸಲಿಲ್ಲ. ಮಿತಿಮೀರಿದ ಬಾಜಿಯನ್ನು ಅವರು ಬಹಿರಂಗವಾಗಿ ಖಂಡಿಸುತ್ತಿದ್ದರು. ಕುದುರೆಯ ಓಟ ಕುದುರೆಯ ತಳಿ ಬೆಳೆಸಲು, ಮನೆ ಮುಳುಗಿಸಲು ಅಲ್ಲ ಎಂಬುದು ಅವರ ನಿಲುವು.

ಅವರು ತಪ್ಪೇ ಮಾಡಲಿಲ್ಲ ಎಂದರೆ ಅದು ನಿಜವಾದ ಸ್ಮರಣೆಯಾಗದು. 1868ರಲ್ಲಿ ಹೇಸ್ಟಿಂಗ್ಸ್ ಎಂಬ ತರುಣ ಮಾರ್ಕ್ವಿಸ್ ಜೂಜಿನಲ್ಲಿ ಮುಳುಗಿ ಹೋಗುತ್ತಿದ್ದಾಗ, ಅವನ ಸುತ್ತಲಿನವರೇ ಅವನನ್ನು ಬಲೆಗೆ ಕೆಡವಿದರೆಂಬ ಅರ್ಥದಲ್ಲಿ ರೌಸ್ ಟೈಮ್ಸ್ ಪತ್ರಿಕೆಗೆ ಕಟುವಾದ ಪತ್ರ ಬರೆದರು. ಮಾನನಷ್ಟದ ಮಾತು ಬಂದಾಗ ಆ ಪತ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕೋಪ ಬಂದಾಗ ಅವರ ತಕ್ಕಡಿಯೂ ಅಲುಗಿತು. ಆದರೆ ಒಂದು ವಿಷಯ ಗಮನಿಸಿ. ಹ್ಯಾಂಡಿಕ್ಯಾಪರ್‌ನ ವೃತ್ತಿಯಲ್ಲಿ ತಿದ್ದಿಕೊಳ್ಳುವುದು ಅವಮಾನವಲ್ಲ. ಪ್ರತಿ ಓಟದ ಮಾರನೆಯ ದಿನ ಅವನು ತನ್ನ ನಿನ್ನೆಯ ಅಂದಾಜನ್ನು ಎದುರಿಗಿಟ್ಟುಕೊಂಡು, ಇಲ್ಲಿ ಮೂರು ಪೌಂಡ್ ಹೆಚ್ಚಾಗಿತ್ತು, ಇಲ್ಲಿ ಎರಡು ಕಡಿಮೆಯಾಗಿತ್ತು ಎಂದು ಬರೆದುಕೊಳ್ಳಬೇಕು. ವಾರಕ್ಕೊಮ್ಮೆ ಊರಿನವರೆಲ್ಲರ ಎದುರು ತಾನು ಎಲ್ಲಿ ತಪ್ಪಿದೆ ಎಂದು ಒಪ್ಪಿಕೊಳ್ಳುವ ಕೆಲಸ ಬೇರೆ ಯಾವುದಿದೆ?

ರೌಸ್ ಬದುಕಿದ್ದಾಗಲೇ ಈ ವಿದ್ಯೆ ಸಮುದ್ರ ದಾಟಿತ್ತು, ಅವರು ತೀರಿಕೊಂಡ ಮೇಲೂ ಬೆಳೆಯಿತು. ಅದರ ವೈಭವ ಮತ್ತು ಕ್ರೌರ್ಯ ಎರಡನ್ನೂ ಕಾಣಬೇಕಾದರೆ ಆಸ್ಟ್ರೇಲಿಯದ ಮೆಲ್ಬರ್ನ್ ಕಪ್ ನೋಡಬೇಕು. 1861ರಲ್ಲಿ ಶುರುವಾದ ಇದು ಭಾರ ಹಂಚಿ ಓಡಿಸುವ ಓಟ, ಮೊದಲಿಗೆ ಎರಡು ಮೈಲಿಯದು. 1890ರಲ್ಲಿ ಕಾರ್ಬೈನ್ ಎಂಬ ಕುದುರೆಗೆ 10 ಸ್ಟೋನ್ 5 ಪೌಂಡ್, ಸುಮಾರು 66 ಕಿಲೋ ಹೊರಿಸಿದರು. ಮೂವತ್ತೊಂಬತ್ತು ಕುದುರೆಗಳ ಆ ಹಿಂಡಿನಲ್ಲಿ ಎರಡನೆಯದಾಗಿ ಬಂದ ಹೈಬಾರ್ನ್‌ಗಿಂತ ಅದು 53 ಪೌಂಡ್ ಹೆಚ್ಚು ಹೊತ್ತಿತ್ತು. ಆದರೂ ಗೆದ್ದಿತು. ನಲವತ್ತೊಂದು ವರ್ಷದ ನಂತರ, 1931ರಲ್ಲಿ, ಹಿಂದಿನ ವರ್ಷವಷ್ಟೇ ಕಪ್ ಗೆದ್ದಿದ್ದ ಫಾರ್ ಲ್ಯಾಪ್‌ಗೆ 10 ಸ್ಟೋನ್ 10 ಪೌಂಡ್, 68 ಕಿಲೋ ಹೊರಿಸಿದರು. ಗೆದ್ದ ವೈಟ್ ನೋಸ್ ಹೊತ್ತದ್ದು ಸುಮಾರು 43.5 ಕಿಲೋ. ಜನ ಕಣ್ಣ ರೆಪ್ಪೆಯಂತೆ ಕಾಪಾಡಿಕೊಂಡಿದ್ದ ಫಾರ್ ಲ್ಯಾಪ್ ಎಂಟನೆಯದಾಗಿ ಬಂತು. ಸಮಾನತೆ ತರುವ ಭಾರ ಎಲ್ಲಿ ಮುಗಿಯುತ್ತದೆ, ಶಿಕ್ಷೆಯಾಗುವ ಭಾರ ಎಲ್ಲಿ ಶುರುವಾಗುತ್ತದೆ? ಕಾರ್ಬೈನ್ ಮತ್ತು ಫಾರ್ ಲ್ಯಾಪ್ ನಡುವೆ ಇರುವ ಐದು ಪೌಂಡಿನಲ್ಲಿ ಆ ಪ್ರಶ್ನೆ ಇಂದಿಗೂ ಕೂತಿದೆ. ಭಾರ ಹಾಕುವವನ ರಾತ್ರಿಯ ನಿದ್ದೆ ಕೆಡಿಸುವುದೂ ಅದೇ ಇರಬೇಕು.

ಇಂಗ್ಲೆಂಡಿನಲ್ಲಿ ರೌಸ್ ಅವರ ದಾರಿಯನ್ನು ಸಾಮಾನ್ಯ ಜನರ ಕೈಗೆ ಮುಟ್ಟಿಸಿದವರು ಯಾರ್ಕ್‌ಷೈರಿನ ಫಿಲ್ ಬುಲ್. ಹುಟ್ಟಿದ್ದು 1910ರಲ್ಲಿ, ಕಲ್ಲಿದ್ದಲು ಗಣಿ ಕೆಲಸಗಾರನ ಮಗ. ಗಣಿತ ಓದಿ ಮೇಷ್ಟ್ರಾಗಿದ್ದವರು. 1948ರಲ್ಲಿ ಹ್ಯಾಲಿಫ್ಯಾಕ್ಸ್ ಊರಿನಲ್ಲಿ ಟೈಮ್‌ಫಾರ್ಮ್ ಎಂಬ ಸಂಸ್ಥೆ ಕಟ್ಟಿ, ಓಡುವ ಪ್ರತಿ ಕುದುರೆಗೂ ಪೌಂಡಿನ ಲೆಕ್ಕದಲ್ಲಿ ಒಂದು ಅಂಕ ಕೊಡುವ ಕ್ರಮ ತಂದರು. 1989ರಲ್ಲಿ ಅವರೂ ತೀರಿಕೊಂಡರು. 1965ರ ಸೀ ಬರ್ಡ್ ಎಂಬ ಕುದುರೆಗೆ ಅವರ ಸಂಸ್ಥೆ ಕೊಟ್ಟ 145 ಅಂಕವನ್ನು ದಾಟಲು 2012ರಲ್ಲಿ ಫ್ರಾಂಕೆಲ್ ಬರಬೇಕಾಯಿತು. ಹದಿನಾಲ್ಕು ಓಟ ಓಡಿ ಹದಿನಾಲ್ಕನ್ನೂ ಗೆದ್ದ ಫ್ರಾಂಕೆಲ್‌ಗೆ ಸಿಕ್ಕಿದ್ದು 147. ಸುಮಾರು ಐವತ್ತು ವರ್ಷ ಅಂತರದ ಎರಡು ಕುದುರೆಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಬಹುದು ಎಂಬ ಈ ಧೈರ್ಯದ ಬೇರು ಆ ಮುದಿ ಅಡ್ಮಿರಲ್‌ನ ಕೋಷ್ಟಕದಲ್ಲಿದೆ.

ನಮ್ಮಲ್ಲಿಗೂ ಆ ತಕ್ಕಡಿ ಬಂದಿದೆ. ಬೆಂಗಳೂರು ಟರ್ಫ್ ಕ್ಲಬ್ 1921ರಲ್ಲಿ ಸ್ಥಾಪನೆಯಾಯಿತು. ಮೈಸೂರಿನ ರೇಸಿನ ಇತಿಹಾಸ ಅದಕ್ಕಿಂತ ಹಳೆಯದು. ಇಂದಿಗೂ ಬೆಂಗಳೂರು, ಮೈಸೂರುಗಳ ರೇಸ್ ಪುಸ್ತಕ ತೆರೆದರೆ '20ರಿಂದ 45ರ ರೇಟಿಂಗ್' ಎಂಬಂಥ ಸಾಲು ಕಾಣುತ್ತದೆ. ಆ ರೇಟಿಂಗ್ ಕೊಡುವವನು ಹ್ಯಾಂಡಿಕ್ಯಾಪರ್. ಒಂದೊಂದು ಅಂಕಕ್ಕೆ ಅರ್ಧ ಅರ್ಧ ಕಿಲೋ ಲೆಕ್ಕದಲ್ಲಿ ಭಾರ ಏರುತ್ತದೆ. ಓಟಕ್ಕೆ ಮುಂಚೆ ಜಾಕಿ ಜೀನು ಹಿಡಿದು ತಕ್ಕಡಿ ಏರುತ್ತಾನೆ. ಕಡಿಮೆ ಬಿದ್ದರೆ ಸೀಸ. ಓಟ ಮುಗಿದ ಮೇಲೆ ಮತ್ತೆ ತಕ್ಕಡಿ. ಕುದುರೆ ರೇಸು ಕೇವಲ ಅದೃಷ್ಟದ ಆಟವಲ್ಲ, ಕೌಶಲದ್ದು ಎಂದು 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಹಾಗೆಂದು ನಾನು ಯಾರಿಗೂ ಬಾಜಿ ಕಟ್ಟಿ ಎನ್ನುವುದಿಲ್ಲ. ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಹೆಂಡತಿಯ ತಾಳಿಯನ್ನೂ ಗಿರವಿ ಇಟ್ಟವರ ಮನೆಗಳನ್ನು ನಾನು ಕಂಡಿದ್ದೇನೆ. ನನ್ನ ಮಾವ ಒಂದು ದಿನವೂ ಒಂದು ರೂಪಾಯಿ ಕಟ್ಟಲಿಲ್ಲ. ಭಾನುವಾರದ ಪತ್ರಿಕೆಯಲ್ಲಿ ಭಾರದ ಪಟ್ಟಿ ನೋಡುತ್ತಿದ್ದರು, ಸಂಜೆ ಫಲಿತಾಂಶ ಕೇಳಿ, "ಸರಿಯಾಗಿ ತೂಗಿದ್ದಾನೆ" ಎಂದೋ, "ಅದಕ್ಕೆ ಇನ್ನೊಂದು ಕಿಲೋ ಹಾಕಬೇಕಿತ್ತು" ಎಂದೋ ಹೇಳಿ ಎದ್ದು ಹೋಗುತ್ತಿದ್ದರು.

ರೌಸ್ ಅವರ ಹೆಸರಿನಲ್ಲಿ ನ್ಯೂಮಾರ್ಕೆಟ್‌ನಲ್ಲಿ ಆಸ್ಪತ್ರೆಯೊಂದು ಕಟ್ಟಲ್ಪಟ್ಟಿತು. ಅವರ ಹೆಸರಿನ ಓಟಗಳೂ ನಡೆದವು. ಆದರೆ ಅವರ ಕೆಲಸಕ್ಕೆ ಹೆಸರಾಗಿದ್ದ ಪದಕ್ಕೆ ಮುಂದೆ ಬೇರೆ ಗತಿ ಬಂತು. ಹ್ಯಾಂಡಿಕ್ಯಾಪ್ ಎಂಬ ಮಾತನ್ನು ರೇಸಿನ ಅಂಗಳದಿಂದ ಹೊರಕ್ಕೆ ಎಳೆದು, ಕೈಕಾಲು ಸರಿಯಿಲ್ಲದವರ, ಕಣ್ಣು ಕಾಣದವರ ತಲೆಗೆ ಕಟ್ಟಿಬಿಟ್ಟರು. ಆ ಜನ ಇಂದು ಆ ಪದವನ್ನು ಬೇಡವೆನ್ನುವುದು ನ್ಯಾಯವೇ. ಯಾಕೆಂದರೆ ಪದ ರೇಸಿನಲ್ಲಿ ಬಳಕೆಯಾದದ್ದು ಅದಕ್ಕೆ ತೀರ ಉಲ್ಟಾ ಅರ್ಥದಲ್ಲಿ. ರೇಸಿನಲ್ಲಿ ಆ ಭಾರ ಬೀಳುತ್ತಿದ್ದದ್ದು ಬಲಿಷ್ಠನ ಬೆನ್ನ ಮೇಲೆ. ನಿನಗೆ ಹೆಚ್ಚು ಶಕ್ತಿ ಇದೆ, ನೀನು ಹೆಚ್ಚು ಹೊರು, ಆಗ ನಾವೆಲ್ಲ ಒಟ್ಟಿಗೆ ಓಡೋಣ ಎಂಬುದು ಅಲ್ಲಿ ಅದರ ಮಾತು. ಅದನ್ನು ದುರ್ಬಲನ ಬೆನ್ನಿಗೆ ಹೊರಿಸಿದ್ದು ನಮ್ಮ ಸಮಾಜ.

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಆಟಗಳಲ್ಲಿ ತೀರ ಎಳೆಯ ಮಕ್ಕಳು ಅತ್ತು ಕರೆದು ಬಂದರೆ ದೊಡ್ಡ ಹುಡುಗರು ಒಳಗೆ ಸೇರಿಸಿಕೊಳ್ಳುತ್ತಿದ್ದರು. "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎನ್ನುತ್ತಿದ್ದರು. ಆ ಮಗು ಓಡುತ್ತಿತ್ತು, ಕುಣಿಯುತ್ತಿತ್ತು, ಆದರೆ ಅದು ಔಟಾದರೂ ಆಗದಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಅದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು. ಆ ಮಗುವಿಗೆ ಮಾತ್ರ ಒಳಗೊಳಗೇ ಗೊತ್ತಿರುತ್ತಿತ್ತು. ಈಗ ಯೋಚಿಸಿದರೆ, ಅದನ್ನು ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸಿ, ನಮ್ಮ ಒಂದು ಕಾಲು ಕಟ್ಟಿಕೊಂಡು, ನಿಜವಾಗಿ ಓಡಬಹುದಾಗಿತ್ತು. ಆಗ ಅದು ಗೆದ್ದರೆ ಗೆದ್ದಂತೆ, ಸೋತರೆ ಸೋತಂತೆ. ಎಷ್ಟು ಹೆಜ್ಜೆ ಎಂದು ಅಳೆಯುವ ತಾಳ್ಮೆ ಮಾತ್ರ ನಮಗಿರಲಿಲ್ಲ.

ಚುಕ್ಕಾಣಿ ಇಲ್ಲದ ಹಡಗನ್ನು ದಡ ಮುಟ್ಟಿಸಿದ ಆ ಮನುಷ್ಯನಿಗೆ ಆ ತಾಳ್ಮೆ ಇತ್ತು. ಎಂಟಲ್ಲ, ಒಂಬತ್ತಲ್ಲ, ಎಂಟೂವರೆ ಎಂದು ಹೇಳುವ ತಾಳ್ಮೆ. ಜಗಲಿಯ ಮೇಲೆ ಅಂದು ನನ್ನ ಕೈ ಜಗ್ಗಿದ ಸೀಸದ ತಗಡು ನೆನಪಾದಾಗಲೆಲ್ಲ ಮಾವನ ಮಾತೂ ನೆನಪಾಗುತ್ತದೆ. ಅಡ್ಮಿರಲ್ ರೌಸ್ ಅವರ ನೆನಪಿಗೆ, ಹೆಸರು ಕೂಡ ಯಾರಿಗೂ ತಿಳಿಯದೆ ಇಂದಿಗೂ ಮೈದಾನದ ಹಿಂದಿನ ಕೋಣೆಗಳಲ್ಲಿ ಅರ್ಧ ಕಿಲೋ ಲೆಕ್ಕದಲ್ಲಿ ನ್ಯಾಯ ತೂಗುತ್ತಿರುವವರ ನೆನಪಿಗೆ, ನನ್ನ ಗೌರವ ಸಲ್ಲಲಿ.